ಎಂಎಸ್ ಮತ್ತು ಮಿದುಳಿನ ಎಂಆರ್‌ಐ: ಕರಾವಳಿಯ ಮನೆಗಳಿಂದ ಪದೇ ಪದೇ ಬರುವ ಪ್ರಶ್ನೆಗಳು

ಸ್ಕ್ಯಾನ್ ಓದುವುದು ನನ್ನ ಕೆಲಸ. ಮಂಗಳೂರು, ಉಡುಪಿ ಕಡೆ ಸ್ಕ್ಯಾನ್ ರಿಪೋರ್ಟ್ ಮೊದಲು ಸಿಗುವುದು ಮನೆಯವರ ಕೈಗೆ. ನರರೋಗ ತಜ್ಞರನ್ನು ಕಾಣುವುದಕ್ಕೆ ಇನ್ನೂ ಕೆಲವು ದಿನ ಕಾಯಬೇಕು. ಆ ದಿನಗಳಲ್ಲಿ ಒಂದೊಂದೇ ಶಬ್ದವನ್ನು ಫೋನಿನಲ್ಲಿ ಹುಡುಕಿ, ಕಂಡದ್ದನ್ನೆಲ್ಲ ಓದಿ, ನಿದ್ದೆಗೆಟ್ಟು ಬರುವವರು ತುಂಬ ಜನ. ಅವರು ಕೇಳುವ ಪ್ರಶ್ನೆಗಳನ್ನೇ ಇಲ್ಲಿ ಬರೆದಿದ್ದೇನೆ. ಒಂದು ಮಾತು ಮಾತ್ರ ಮೊದಲೇ ಹೇಳುತ್ತೇನೆ. ಚಿತ್ರವನ್ನು ರೋಗಿಯ ಪಕ್ಕದಲ್ಲಿ ಇಟ್ಟುಕೊಂಡೇ ಓದಬೇಕು. ಬರೀ ಚಿತ್ರ ನೋಡಿ ಎಂಎಸ್ ಇದೆ ಅಂತಲೂ ಹೇಳಬಾರದು, ಇಲ್ಲ ಅಂತಲೂ ಹೇಳಬಾರದು.

ಎಂಎಸ್ ಅಂದರೆ ಎಂತ?

ಪೂರ್ತಿ ಹೆಸರು ಮಲ್ಟಿಪಲ್ ಸ್ಕ್ಲೆರೋಸಿಸ್. ರೋಗಗಳಿಂದ ನಮ್ಮನ್ನು ಕಾಯಬೇಕಾದ ದೇಹದ ವ್ಯವಸ್ಥೆಯೇ ಮಿದುಳು, ಬೆನ್ನುಹುರಿ ಮತ್ತು ಕಣ್ಣಿನ ನರದ ಮೇಲೆ ತಿರುಗಿ ಬೀಳುತ್ತದೆ. ನರದ ಎಳೆಗಳ ಮೇಲೆ ಮೈಲಿನ್ ಅನ್ನುವ ಕೊಬ್ಬಿನ ಹೊದಿಕೆ ಇರುತ್ತದೆ. ಪೆಟ್ಟು ಮೊದಲು ಬೀಳುವುದು ಅದಕ್ಕೆ. ಹೊದಿಕೆ ಹಾಳಾದ ಕಡೆ ಸಂದೇಶ ನಿಧಾನವಾಗುತ್ತದೆ, ಇಲ್ಲವೇ ನಿಂತೇ ಹೋಗುತ್ತದೆ. ಹಾಗಾಗಿ ಒಬ್ಬರಿಗೆ ಒಂದು ಕಣ್ಣು ಮಂಜಾಗುತ್ತದೆ, ಇನ್ನೊಬ್ಬರಿಗೆ ಸೊಂಟದ ಕೆಳಗೆ ಜೋಮು ಹಿಡಿಯುತ್ತದೆ, ಮತ್ತೊಬ್ಬರಿಗೆ ನಡೆಯುವಾಗ ತೂರಾಡಿದ ಹಾಗಾಗುತ್ತದೆ. ಹೆಚ್ಚಾಗಿ 20ರಿಂದ 40 ವರ್ಷದ ನಡುವೆ ಶುರುವಾಗುತ್ತದೆ. ಗಂಡಸರಿಗಿಂತ ಹೆಂಗಸರಲ್ಲಿ ಜಾಸ್ತಿ. ಇದು ಅಂಟುವ ಕಾಯಿಲೆ ಅಲ್ಲ.

ಇದು ವಿದೇಶದವರ ಕಾಯಿಲೆ ಅಲ್ವಾ? ನಮ್ಮೂರಲ್ಲಿ ಎಲ್ಲಿಂದ ಬಂತು?

ಯುರೋಪ್, ಅಮೆರಿಕಗಳಲ್ಲಿ ಜಾಸ್ತಿ ಅನ್ನುವುದು ನಿಜ. ಆದರೆ ನಮ್ಮಲ್ಲಿ ಇಲ್ಲ ಅನ್ನುವುದು ಸುಳ್ಳು. ಮಂಗಳೂರು ನಗರದಲ್ಲೇ ಇದರ ಲೆಕ್ಕ ತೆಗೆದಿದ್ದಾರೆ. ದೇರಳಕಟ್ಟೆಯ ನಿಟ್ಟೆ ವಿಶ್ವವಿದ್ಯಾಲಯದ ನರರೋಗ ತಜ್ಞೆ ಡಾ. ಲೇಖಾ ಪಂಡಿತ್ ಮತ್ತು ಅವರ ಜೊತೆಗಾರರ ಅಧ್ಯಯನದಲ್ಲಿ ಲಕ್ಷ ಜನರಿಗೆ ಸುಮಾರು 8 ಮಂದಿಯಲ್ಲಿ ಎಂಎಸ್ ಕಂಡಿತು. ಮೈಲಿನ್ ಹಾಳಾಗುವ ಕಾಯಿಲೆಗಳಿಗೆಂದೇ ಅವರು ನಡೆಸುವ ದಾಖಲೆಗೆ ಮಂಗಳೂರಿನದೇ ಹೆಸರಿದೆ. ದೇಶದ ಬೇರೆ ಕಡೆಯ ನರರೋಗ ತಜ್ಞರಿಗೂ ಅದು ಗೊತ್ತು. ಎಂಆರ್‌ಐ ಇಲ್ಲದ ಕಾಲದಲ್ಲಿ ಇಂಥ ರೋಗಿಗಳಲ್ಲಿ ಎಷ್ಟೋ ಮಂದಿಗೆ ಕಾಯಿಲೆಯ ಹೆಸರೇ ಸಿಗುತ್ತಿರಲಿಲ್ಲ. ‘ನರದ ವೀಕ್‌ನೆಸ್’ ಅಂತ ಹೇಳಿ ವಿಟಮಿನ್ ಕೊಟ್ಟು ಕಳಿಸುತ್ತಿದ್ದರು.

ಸಿಟಿ ಸ್ಕ್ಯಾನ್ ಆಗಿದೆ, ಎಲ್ಲ ನಾರ್ಮಲ್ ಅಂದರು. ಮತ್ತೆ ಎಂಆರ್‌ಐ ಯಾಕೆ?

ಸಿಟಿಯಲ್ಲಿ ಎಂಎಸ್‌ನ ಗುರುತುಗಳು ಬಹಳ ಸಲ ಕಾಣುವುದೇ ಇಲ್ಲ. ರಕ್ತಸ್ರಾವ, ಮೂಳೆ ಮುರಿತ ನೋಡಲು ಸಿಟಿ ಒಳ್ಳೆಯದು. ಮೈಲಿನ್ ವಿಷಯಕ್ಕೆ ಎಂಆರ್‌ಐಯೇ ಬೇಕು. 1981ರಲ್ಲಿ ಲಂಡನ್‌ನಲ್ಲಿ ಮೊದಲ ಸಲ ಎಂಎಸ್ ರೋಗಿಗಳ ಮಿದುಳನ್ನು ಈ ಯಂತ್ರದಲ್ಲಿ ನೋಡಿದಾಗ, ಸಿಟಿಯಲ್ಲಿ ಸಿಗದೇ ಇದ್ದ ಎಷ್ಟೋ ಗುರುತುಗಳು ಕಂಡವು. ಎಂಆರ್‌ಐಯಲ್ಲಿ ಎಕ್ಸ್‌ರೇ ಕಿರಣವೂ ಇಲ್ಲ. ಹಾಗಾಗಿ ಮತ್ತೆ ಮತ್ತೆ ಮಾಡಿಸಿದರೆ ವಿಕಿರಣದ ಭಯ ಬೇಡ.

ಫಿಲ್ಮ್‌ನಲ್ಲಿ ಕಾಣುವ ಬಿಳಿ ಚುಕ್ಕೆ ನಿಜವಾಗಿ ಎಂತದ್ದು?

ಎಂಆರ್‌ಐ ಮುಖ್ಯವಾಗಿ ನೋಡುವುದು ನಮ್ಮ ದೇಹದಲ್ಲಿರುವ ನೀರನ್ನು. ಮೈಲಿನ್‌ನಲ್ಲಿ ಕೊಬ್ಬು ಜಾಸ್ತಿ. ಅದು ಹಾಳಾದ ಕಡೆ ಊತ ಬಂದು ನೀರಿನ ಅಂಶ ಏರುತ್ತದೆ. ಟಿ2 ಅನ್ನುವ ಚಿತ್ರದಲ್ಲಿ ನೀರು ಬೆಳ್ಳಗೆ ಕಾಣುತ್ತದೆ, ಹಾಗಾಗಿ ಆ ಜಾಗವೂ ಬೆಳ್ಳಗೆ. ಆದರೆ ಮಿದುಳಿನ ಒಳಗಿನ ನೀರಿನ ಕೋಣೆಗಳೂ ಟಿ2ನಲ್ಲಿ ಬಿಳಿಯೇ. ಅವುಗಳ ಅಂಚಿನಲ್ಲಿರುವ ಚುಕ್ಕೆ ಆ ಬಿಳಿಯಲ್ಲೇ ಮುಚ್ಚಿ ಹೋಗುತ್ತದೆ. ಅದಕ್ಕೇ ಫ್ಲೇರ್ ಅನ್ನುವ ಇನ್ನೊಂದು ಚಿತ್ರ ತೆಗೆಯುತ್ತಾರೆ. ಅದರಲ್ಲಿ ಕೋಣೆಯ ನೀರು ಕಪ್ಪಾಗುತ್ತದೆ, ಹಾಳಾದ ಜಾಗ ಮಾತ್ರ ಬೆಳ್ಳಗೆ ಉಳಿಯುತ್ತದೆ. ಎಂಎಸ್ ಸಂಶಯ ಇದ್ದಾಗ ನಾವು ಮೊದಲು ತೆರೆಯುವುದು ಫ್ಲೇರ್ ಚಿತ್ರವನ್ನೇ.

ಈ ಗುರುತಿಗೆ ರಿಪೋರ್ಟ್‌ನಲ್ಲಿ ಲೀಶನ್, ಪ್ಲಾಕ್, ಫೋಕಸ್ ಅಂತೆಲ್ಲ ಬರೆಯುತ್ತಾರೆ. ಲೀಶನ್ ಅಂದ ಕೂಡಲೇ ಗಡ್ಡೆ ಅಂತ ತಿಳಿದುಕೊಂಡು ಅಳುವವರನ್ನು ಕಂಡಿದ್ದೇನೆ. ಹಾಗೇನೂ ಇಲ್ಲ. ಪೆಟ್ಟು ಬಿದ್ದ ಜಾಗ ಅಂತ ಅಷ್ಟೇ. ಲೆಕ್ಕಕ್ಕೆ ಹಿಡಿಯಬೇಕಾದರೆ ಅದು ಕನಿಷ್ಠ 3 ಮಿಲಿಮೀಟರ್ ಆದರೂ ಇರಬೇಕು.

ರಿಪೋರ್ಟ್‌ನ ಭಾಷೆ ತಲೆಗೇ ಹೋಗುವುದಿಲ್ಲ. ಹೇಗೆ ಓದುವುದು?

ಒಂದು ಸಾಲು ಹಿಡಿದೇ ನೋಡುವ. ಹೆಚ್ಚಿನ ರಿಪೋರ್ಟ್‌ಗಳಲ್ಲಿ ಇಂಥದ್ದೇ ಒಂದು ಇರುತ್ತದೆ: ‘ಮಲ್ಟಿಪಲ್ ಟಿ2 ಫ್ಲೇರ್ ಹೈಪರ್‌ಇಂಟೆನ್ಸ್ ಫೋಸೈ ಇನ್ ಪೆರಿವೆಂಟ್ರಿಕ್ಯುಲರ್ ಆ್ಯಂಡ್ ಜಕ್ಸ್ಟಾಕಾರ್ಟಿಕಲ್ ವೈಟ್ ಮ್ಯಾಟರ್. ನೋ ಡಿಫ್ಯೂಶನ್ ರಿಸ್ಟ್ರಿಕ್ಷನ್. ನೋ ಪೋಸ್ಟ್ ಕಾಂಟ್ರಾಸ್ಟ್ ಎನ್‌ಹ್ಯಾನ್ಸ್‌ಮೆಂಟ್.’

ಹೈಪರ್‌ಇಂಟೆನ್ಸ್ ಅಂದರೆ ಸುತ್ತಲಿಗಿಂತ ಬೆಳ್ಳಗೆ. ಕೇಳಲು ಭಯಂಕರ, ವಿಷಯ ಅಷ್ಟೇ. ಫೋಸೈ ಅಂದರೆ ಸಣ್ಣ ಚುಕ್ಕೆಗಳು. ಪೆರಿವೆಂಟ್ರಿಕ್ಯುಲರ್ ಅಂದರೆ ನೀರಿನ ಕೋಣೆಗಳ ಅಂಚಿಗೆ ತಾಗಿಕೊಂಡು. ಜಕ್ಸ್ಟಾಕಾರ್ಟಿಕಲ್ ಅಂದರೆ ಮಿದುಳಿನ ಹೊರಪದರಕ್ಕೆ ತಾಗಿಕೊಂಡು. ವೈಟ್ ಮ್ಯಾಟರ್ ಅಂದರೆ ಮಿದುಳಿನ ಬಿಳಿ ಭಾಗ. ಡಿಫ್ಯೂಶನ್ ರಿಸ್ಟ್ರಿಕ್ಷನ್ ಇಲ್ಲ ಅಂದರೆ ಹೊಸ ಸ್ಟ್ರೋಕ್‌ನ ಗುರುತು ಕಾಣುತ್ತಿಲ್ಲ. ಕೊನೆಯ ಮಾತು, ಕಾಂಟ್ರಾಸ್ಟ್ ಅನ್ನುವ ಇಂಜೆಕ್ಷನ್ ಕೊಟ್ಟಾಗ ಯಾವ ಚುಕ್ಕೆಯೂ ಹೊಳೆಯಲಿಲ್ಲ, ಅಂದರೆ ಈ ಹೊತ್ತಿಗೆ ಬಿಸಿಬಿಸಿ ಉರಿಯೂತ ಕಾಣುತ್ತಿಲ್ಲ.

ಈ ಸಾಲಿನಲ್ಲಿ ‘ಮಲ್ಟಿಪಲ್’ ಅಂತ ಇರುವುದನ್ನು ನೋಡಿ ಮಲ್ಟಿಪಲ್ ಸ್ಕ್ಲೆರೋಸಿಸ್ ಅಂತ ಓದಿಕೊಳ್ಳಬೇಡಿ. ಒಂದಕ್ಕಿಂತ ಜಾಸ್ತಿ ಚುಕ್ಕೆ ಇದೆ ಅಂತ ಹೇಳಿದ್ದು ಅಷ್ಟೇ. ನಮಗೆ ಸಂಖ್ಯೆಗಿಂತ ಮುಖ್ಯ ಜಾಗ.

ಜಾಗ ಅಷ್ಟು ಮುಖ್ಯವಾ? ‘ಡಾಸನ್ಸ್ ಫಿಂಗರ್ಸ್’ ಅಂತ ಬರೆದಿದ್ದಾರೆ.

ಹೌದು, ಬಹಳ ಮುಖ್ಯ. ಎಂಎಸ್ ಚುಕ್ಕೆಗಳು ಸಣ್ಣ ಅಭಿಧಮನಿಗಳ ಸುತ್ತ ಹುಟ್ಟುತ್ತವೆ. ನೀರಿನ ಕೋಣೆಗಳ ಅಂಚಿನಲ್ಲಿ ಆ ರಕ್ತನಾಳಗಳು ಕೋಣೆಗೆ ನೇರ ಅಡ್ಡವಾಗಿ ಸಾಗುತ್ತವೆ. ಚುಕ್ಕೆಯೂ ಅದೇ ದಾರಿಯಲ್ಲಿ ಉದ್ದಕ್ಕೆ, ಮೊಟ್ಟೆಯಾಕಾರದಲ್ಲಿ ಬೆಳೆಯುತ್ತದೆ. ತಲೆಯನ್ನು ಪಕ್ಕದಿಂದ ಸೀಳಿದಂತೆ ತೆಗೆದ ಫ್ಲೇರ್ ಚಿತ್ರದಲ್ಲಿ ಇದು ಚೆನ್ನಾಗಿ ಕಾಣುತ್ತದೆ. ಕೆಳಗೆ ಕಪ್ಪು ಕೋಣೆ. ಅದರ ಮೇಲೆ ಎರಡು ಅರ್ಧಗೋಳಗಳನ್ನು ಕೂಡಿಸುವ ಕಾರ್ಪಸ್ ಕಲೋಸಮ್ ಅನ್ನುವ ಪಟ್ಟಿ. ಅಲ್ಲಿಂದ ಮೇಲಕ್ಕೆ ಚಾಚಿದ ನಾಲ್ಕೈದು ಬಿಳಿ ಬೆರಳುಗಳು. ಎಡಿನ್‌ಬರೋದ ಜೇಮ್ಸ್ ಡಾಸನ್ 1916ರಲ್ಲೇ ಸೂಕ್ಷ್ಮದರ್ಶಕದಲ್ಲಿ ನೋಡಿ ಇವುಗಳನ್ನು ವಿವರಿಸಿದ್ದರು. ಎಂಆರ್‌ಐ ಬರುವುದಕ್ಕೆ ಅರವತ್ತಕ್ಕೂ ಹೆಚ್ಚು ವರ್ಷ ಮೊದಲು! ಈಗಿನ ಒಳ್ಳೆಯ ಯಂತ್ರಗಳಲ್ಲಿ ಚುಕ್ಕೆಯ ನಡುವೆ ಹಾದುಹೋಗುವ ರಕ್ತನಾಳವೂ ಸಪೂರದ ಕಪ್ಪು ಗೆರೆಯಾಗಿ ಕಾಣುತ್ತದೆ. ಅದಕ್ಕೆ ಸೆಂಟ್ರಲ್ ವೇನ್ ಸೈನ್ ಅನ್ನುತ್ತಾರೆ. ಚುಕ್ಕೆಗಳಲ್ಲಿ ತುಂಬ ಕಡೆ ಈ ಗೆರೆ ಕಂಡರೆ ಎಂಎಸ್ ಸಂಶಯ ಗಟ್ಟಿಯಾಗುತ್ತದೆ.

ಹಾಗಾದರೆ ಬಿಳಿ ಚುಕ್ಕೆ ಕಂಡವರಿಗೆಲ್ಲ ಎಂಎಸ್ಸಾ?

ಇಲ್ಲ, ಇಲ್ಲ. ಇದನ್ನು ದೊಡ್ಡದಾಗಿ ಬರೆದು ಸ್ಕ್ಯಾನ್ ಸೆಂಟರ್ ಬಾಗಿಲಿಗೆ ಅಂಟಿಸಬೇಕು ಅಂತ ನನಗೆ ಎಷ್ಟೋ ಸಲ ಅನಿಸಿದೆ.

ಬಿಪಿ, ಶುಗರ್, ಬೀಡಿ-ಸಿಗರೇಟು ಇರುವವರಿಗೆ ವಯಸ್ಸಾಗುತ್ತಾ ಬಂದ ಹಾಗೆ ಮಿದುಳಿನ ಸಣ್ಣ ರಕ್ತನಾಳಗಳು ಕೆಟ್ಟು ಇಂಥದೇ ಚುಕ್ಕೆಗಳು ಬರುತ್ತವೆ. ಅರವತ್ತು ದಾಟಿದವರಲ್ಲಿ ಒಂದೂ ಇಲ್ಲದ ಮಿದುಳು ಸಿಗುವುದೇ ಕಷ್ಟ. ಮೈಗ್ರೇನ್ ಇರುವ ಹುಡುಗಿಯರಲ್ಲೂ ಸಣ್ಣ ಸಣ್ಣ ಚುಕ್ಕೆಗಳು ಕಾಣುವುದುಂಟು. ಅವು ಹೆಚ್ಚಾಗಿ ಬಿಳಿ ಭಾಗದ ನಡುವೆ ಅಲ್ಲಲ್ಲಿ ಬಿದ್ದಿರುತ್ತವೆ, ಕೋಣೆಯ ಅಂಚಿಗೆ ತಾಗಿರುವುದಿಲ್ಲ, ಬೆರಳಿನ ಆಕಾರವೂ ಇರುವುದಿಲ್ಲ. ಬಿ12 ಕೊರತೆ, ಲೂಪಸ್‌ನಂಥ ಕಾಯಿಲೆಗಳನ್ನೂ ನೋಡಬೇಕಾಗುತ್ತದೆ. ನಮ್ಮ ದೇಶದಲ್ಲಿ ಮಿದುಳಿನ ಟಿಬಿ ಗಂಟು ಮತ್ತು ಲಾಡಿಹುಳದ ಮರಿಯಿಂದ ಬರುವ ಗುಳ್ಳೆಯನ್ನು ಮರೆಯುವ ಹಾಗೇ ಇಲ್ಲ. ಕಾಂಟ್ರಾಸ್ಟ್ ಕೊಟ್ಟಾಗ ಇವು ಉಂಗುರದ ಹಾಗೆ ಹೊಳೆಯುತ್ತವೆ. ಎಂಎಸ್ ಚುಕ್ಕೆಯೂ ಕೆಲವು ಸಲ ಉಂಗುರವಾಗಿ ಹೊಳೆಯುತ್ತದೆ, ಆದರೆ ಬಹಳ ಸಲ ಆ ಉಂಗುರ ಒಂದು ಕಡೆ ತೆರೆದಿರುತ್ತದೆ. ಆ ತೆರೆದ ಬಾಯಿ ನಮಗೆ ದೊಡ್ಡ ಸುಳಿವು.

‘ಎನ್‌ಎಂಒ ಟೆಸ್ಟ್ ಮಾಡಿಸಿ’ ಅಂದಿದ್ದಾರೆ. ಅದೆಂತ?

ದಯವಿಟ್ಟು ಮಾಡಿಸಿ, ಮುಂದೂಡಬೇಡಿ. ಎನ್‌ಎಂಒ ಮತ್ತು ಮಾಗ್ ಅನ್ನುವ ಎರಡು ಕಾಯಿಲೆಗಳು ಮೇಲ್ನೋಟಕ್ಕೆ ಎಂಎಸ್ ಹಾಗೆಯೇ ಇರುತ್ತವೆ. ಅಲ್ಲೂ ಕಣ್ಣು ಮಂಜಾಗುತ್ತದೆ, ಕಾಲು ಸೋಲುತ್ತದೆ. ಆದರೆ ಮೂಲ ಬೇರೆ, ಔಷಧ ಬೇರೆ. ಎಂಎಸ್‌ಗೆ ಕೊಡುವ ಇಂಟರ್‌ಫೆರಾನ್, ಫಿಂಗೊಲಿಮೋಡ್‌ನಂಥ ಔಷಧಗಳಿಂದ ಎನ್‌ಎಂಒ ಹದಗೆಡಬಹುದು. ಎನ್‌ಎಂಒಗೆ ಕಾರಣವಾದ ಪ್ರತಿಕಾಯ ಪತ್ತೆಯಾದದ್ದು 2004ರಲ್ಲಿ. ಅದಕ್ಕೂ ಮೊದಲು ನಮ್ಮ ದೇಶದಲ್ಲಿ ಇಂಥ ರೋಗಿಗಳಲ್ಲಿ ಹಲವರಿಗೆ ಎಂಎಸ್ ಅಂತಲೇ ಹೆಸರು ಹಚ್ಚಿದ್ದರು.

ಚಿತ್ರದಲ್ಲಿ ಸುಳಿವು ಸಿಗುತ್ತದೆ. ಎಂಎಸ್‌ನಲ್ಲಿ ಬೆನ್ನುಹುರಿಯ ಗುರುತು ಸಾಮಾನ್ಯವಾಗಿ ಗಿಡ್ಡ, ಹುರಿಯ ಒಂದು ಬದಿಯಲ್ಲಿ ಇರುತ್ತದೆ. ಎನ್‌ಎಂಒದಲ್ಲಿ ಅದು ಮೂರು ಅಥವಾ ಜಾಸ್ತಿ ಬೆನ್ನೆಲುಬುಗಳಷ್ಟು ಉದ್ದಕ್ಕೆ, ಹುರಿಯ ನಡುವಿನಲ್ಲೇ ಹರಡಿರುತ್ತದೆ. ಮಿದುಳಿನ ಚಿತ್ರ ಮೊದಮೊದಲು ಪೂರ್ತಿ ಚೆನ್ನಾಗಿರಲೂಬಹುದು. ಕೊನೆಗೆ ಖಾತ್ರಿಯಾಗುವುದು ರಕ್ತ ಪರೀಕ್ಷೆಯಲ್ಲಿ.

ಒಂದೇ ಸ್ಕ್ಯಾನ್ ನೋಡಿ ಎಂಎಸ್ ಅಂತ ಹೇಗೆ ಹೇಳುತ್ತಾರೆ?

ಅದಕ್ಕೆ ಮೆಕ್‌ಡೊನಾಲ್ಡ್ ಮಾನದಂಡ ಅಂತ ಇದೆ. 2001ರಲ್ಲಿ ಬಂತು. 2005, 2010, 2017ರಲ್ಲಿ ತಿದ್ದಿದರು. 2024ರಲ್ಲಿ ಮತ್ತೊಮ್ಮೆ ತಿದ್ದುಪಡಿ ಆಗಿದೆ. 2017ರ ತನಕ ತಿರುಳು ಎರಡು ಮಾತು: ಕಾಯಿಲೆ ಒಂದಕ್ಕಿಂತ ಹೆಚ್ಚು ಜಾಗದಲ್ಲಿ ಇರಬೇಕು, ಒಂದಕ್ಕಿಂತ ಹೆಚ್ಚು ಸಮಯದಲ್ಲಿ ಆಗಿರಬೇಕು. 2024ರ ಪ್ರಕಾರ ಸಮಯದ ಮಾತು ಎಲ್ಲರಿಗೂ ಕಡ್ಡಾಯ ಅಲ್ಲ.

ಜಾಗದ ವಿಷಯದಲ್ಲಿ 2017ರ ಪ್ರಕಾರ ನಾಲ್ಕು ಕಡೆ ನೋಡುತ್ತಾರೆ. ನೀರಿನ ಕೋಣೆಯ ಅಂಚು, ಹೊರಪದರ ಮತ್ತು ಅದರ ಅಂಚು, ಮಿದುಳಿನ ಕಾಂಡ ಮತ್ತು ಹಿಂಮಿದುಳು, ಬೆನ್ನುಹುರಿ. ಇವುಗಳಲ್ಲಿ ಎರಡು ಕಡೆ ಒಂದೊಂದು ಚುಕ್ಕೆ ಇದ್ದರೂ ಸಾಕು. 2024ರಲ್ಲಿ ಕಣ್ಣಿನ ನರವನ್ನು ಐದನೇ ಜಾಗವಾಗಿ ಸೇರಿಸಿದ್ದಾರೆ. ಎಷ್ಟೋ ಜನರಿಗೆ ಕಾಯಿಲೆ ಶುರುವಾಗುವುದೇ ಕಣ್ಣಿನಿಂದ. ಹಾಗಾಗಿ ಇದು ಬರಬೇಕಾಗಿದ್ದ ಬದಲಾವಣೆ.

ಸಮಯಕ್ಕೆ ಎರಡು ಸ್ಕ್ಯಾನ್ ಆಗಲೇಬೇಕು ಅಂತ ಇಲ್ಲ. ಒಂದೇ ಸ್ಕ್ಯಾನ್‌ನಲ್ಲಿ ಕಾಂಟ್ರಾಸ್ಟ್ ಹೀರಿ ಹೊಳೆಯುವ ಹೊಸ ಚುಕ್ಕೆ, ಹೊಳೆಯದ ಹಳೆ ಚುಕ್ಕೆ ಎರಡೂ ಕಂಡರೆ ಎರಡು ಕಾಲದ ಪೆಟ್ಟು ಅಂತ ಗೊತ್ತಾಗುತ್ತದೆ. ಆದರೆ ಈ ಲೆಕ್ಕವೆಲ್ಲ ಸಾಮಾನ್ಯವಾಗಿ ನಡೆಯುವುದು ರೋಗಿಗೆ ಎಂಎಸ್‌ಗೆ ಹೊಂದುವ ತೊಂದರೆ ಆಗಿದ್ದರೆ, ಬೇರೆ ಕಾರಣ ಇಲ್ಲ ಅಂತ ನೋಡಿದ ಮೇಲೆ. ಸುಮ್ನೆ ತಲೆಸುತ್ತಿಗೆ ಮಾಡಿಸಿದ ಸ್ಕ್ಯಾನಿಗೆ ಇದನ್ನು ಹಚ್ಚಿದರೆ ತಪ್ಪಾಗುತ್ತದೆ.

ಬೆನ್ನಿನಿಂದ ನೀರು ತೆಗೆಯಬೇಕು ಅಂದರು. ಬೇಕೇ ಬೇಕಾ?

ಎಲ್ಲರಿಗೂ ಬೇಡ. ಚಿತ್ರ ಅರ್ಧಂಬರ್ಧ ಹೇಳುತ್ತಿದ್ದರೆ ಆ ನೀರಿನಲ್ಲಿ ಆಲಿಗೋಕ್ಲೋನಲ್ ಬ್ಯಾಂಡ್ ಅನ್ನುವ ಗುರುತು ಹುಡುಕುತ್ತಾರೆ. ನಮ್ಮಲ್ಲಿ ಟಿಬಿ, ಬೇರೆ ಸೋಂಕು ಇಲ್ಲ ಅಂತ ನೋಡಲಿಕ್ಕೂ ಇದು ಉಪಯೋಗ.

ಕಾಂಟ್ರಾಸ್ಟ್ ಇಂಜೆಕ್ಷನ್ ಯಾಕೆ? ಕಿಡ್ನಿಗೆ ತೊಂದರೆ ಅಂತಾರಲ್ಲ?

ಆ ಔಷಧದಲ್ಲಿ ಇರುವುದು ಗ್ಯಾಡೊಲಿನಿಯಮ್. ಸಾಮಾನ್ಯವಾಗಿ ಅದು ರಕ್ತದಿಂದ ಮಿದುಳಿನ ಒಳಗೆ ಹೋಗುವುದಿಲ್ಲ. ಹೊಸದಾಗಿ ಉರಿಯೂತ ಇರುವ ಕಡೆ ರಕ್ತನಾಳದ ಗೋಡೆ ಸಡಿಲವಾಗಿ ಒಳಗೆ ಸೋರುತ್ತದೆ, ಚುಕ್ಕೆ ಹೊಳೆಯುತ್ತದೆ. ಈ ಹೊಳಪು ಹೆಚ್ಚಾಗಿ 2ರಿಂದ 6 ವಾರ ಇರುತ್ತದೆ. ಸ್ಟೀರಾಯ್ಡ್ ಡ್ರಿಪ್ ಆದ ಮೇಲೆ ಬೇಗ ಮಾಯವಾಗಬಹುದು. ಹಾಗಾಗಿ ಡ್ರಿಪ್ ಆಗಿದ್ದರೆ ಸ್ಕ್ಯಾನ್ ಮಾಡುವವರಿಗೆ ಹೇಳಿ.

ಕಿಡ್ನಿ ಚೆನ್ನಾಗಿದ್ದರೆ ಹೆದರಬೇಕಾಗಿಲ್ಲ. ಕ್ರಿಯಾಟಿನಿನ್ ಟೆಸ್ಟ್ ಕೇಳುವುದು ಅದಕ್ಕೇ. ಕಿಡ್ನಿ ತುಂಬ ಕೆಟ್ಟವರಿಗೆ ಅಪರೂಪಕ್ಕೆ ಚರ್ಮ ಗಟ್ಟಿಯಾಗುವ ಕಾಯಿಲೆ ಬರುವುದುಂಟು. ಪದೇ ಪದೇ ಕೊಟ್ಟರೆ ಗ್ಯಾಡೊಲಿನಿಯಮ್‌ನ ಸ್ವಲ್ಪ ಅಂಶ ಮಿದುಳಿನಲ್ಲಿ ಉಳಿಯುತ್ತದೆ ಅಂತ 2014ರಿಂದ ಗೊತ್ತಾಗಿದೆ. ಅದರಿಂದ ಹಾನಿ ಆಗಿದೆ ಅಂತ ಸಾಬೀತಾಗಿಲ್ಲ. ಆದರೂ ಈಗ ಪ್ರತಿ ಸಲ ಕೊಡುವ ಪದ್ಧತಿ ಕಡಿಮೆಯಾಗುತ್ತಿದೆ. ಹಳೆ ಚಿತ್ರದ ಪಕ್ಕದಲ್ಲಿಟ್ಟು ನೋಡಿದರೆ ಹೊಸ ಚುಕ್ಕೆ ಯಾವುದು ಅಂತ ಇಂಜೆಕ್ಷನ್ ಇಲ್ಲದೆಯೂ ಗೊತ್ತಾಗುತ್ತದೆ.

‘ಬ್ಲ್ಯಾಕ್ ಹೋಲ್’, ‘ಅಟ್ರೋಫಿ’ ಅಂತ ಇದೆ. ಮಿದುಳಲ್ಲಿ ತೂತು ಬಿದ್ದಿದೆಯಾ?

ತೂತು ಅಲ್ಲ. ಟಿ1 ಚಿತ್ರದಲ್ಲಿ ಕೆಲವು ಚುಕ್ಕೆಗಳು ಕಪ್ಪಾಗಿ ಕಾಣುತ್ತವೆ. ಹೊಸದರಲ್ಲಿ ಊತದಿಂದ ಕಪ್ಪಾಗಿದ್ದರೆ ಕೆಲವು ತಿಂಗಳಲ್ಲಿ ತಿಳಿಯಾಗಬಹುದು. ಕಪ್ಪಾಗಿಯೇ ಉಳಿದರೆ ಅಲ್ಲಿ ಮೈಲಿನ್ ಮಾತ್ರ ಅಲ್ಲ, ನರದ ಎಳೆಯೇ ಹೋಗಿದೆ ಅಂತ ಅರ್ಥ. ಅಟ್ರೋಫಿ ಅಂದರೆ ಮಿದುಳು ಸೊರಗುವುದು. ವಯಸ್ಸಾದಂತೆ ಎಲ್ಲರ ಮಿದುಳೂ ಸ್ವಲ್ಪ ಸ್ವಲ್ಪ ಸೊರಗುತ್ತದೆ. ಚಿಕಿತ್ಸೆ ಇಲ್ಲದ ಎಂಎಸ್‌ನಲ್ಲಿ ಅದು ವರ್ಷಕ್ಕೆ ಸುಮಾರು 0.5ರಿಂದ 1.3 ಶೇಕಡಾ. ನೆನಪು, ಯೋಚನೆಯ ವೇಗ, ಬೇಗ ಸುಸ್ತಾಗುವುದು, ಇವಕ್ಕೆಲ್ಲ ಇದರ ನಂಟಿದೆ. ಔಷಧ ಬೇಗ ಶುರು ಮಾಡಿ ಅಂತ ನರರೋಗ ತಜ್ಞರು ಒತ್ತಾಯ ಮಾಡುವುದು ಇದಕ್ಕಾಗಿಯೇ.

ನನ್ನ ತಂಗಿಗೆ ಹತ್ತಾರು ಚುಕ್ಕೆ ಇದೆ, ಸ್ಕೂಟರ್ ಬಿಡುತ್ತಾಳೆ. ಪರಿಚಯದವರಿಗೆ ನಾಲ್ಕೇ ಚುಕ್ಕೆ, ನಡೆಯಲು ಆಗುವುದಿಲ್ಲ. ಹೇಗೆ?

ಪಂಪ್‌ವೆಲ್ ಸರ್ಕಲ್‌ಗೆ ಅಡ್ಡ ಒಂದು ಮರ ಬಿದ್ದರೆ ಅರ್ಧ ಮಂಗಳೂರು ನಿಲ್ಲುತ್ತದೆ. ತೋಟದ ಮೂಲೆಯಲ್ಲಿ ಹತ್ತು ಮರ ಬಿದ್ದರೂ ದಾರಿಹೋಕರಿಗೆ ಗೊತ್ತಾಗುವುದಿಲ್ಲ. ಬೆನ್ನುಹುರಿ ಮತ್ತು ಮಿದುಳಿನ ಕಾಂಡದಲ್ಲಿ ಕೈಕಾಲಿನ ನರಗಳೆಲ್ಲ ಒತ್ತೊತ್ತಾಗಿ ಹೋಗುತ್ತವೆ. ಅಲ್ಲಿ ಕಡಲೆಯಷ್ಟು ಚುಕ್ಕೆ ಬಿದ್ದರೂ ಕಾಲು ಸೋಲಬಹುದು. ಹಾಗಾಗಿ ಚುಕ್ಕೆ ಎಣಿಸಿ ಒಬ್ಬರನ್ನು ಇನ್ನೊಬ್ಬರಿಗೆ ಹೋಲಿಸಬೇಡಿ.

ಆದರೆ ನಡೆಯಲು ಆಗುತ್ತದಲ್ಲ ಅಂತ ಔಷಧ ನಿಲ್ಲಿಸುವುದೂ ತಪ್ಪು. ಹೊರಗೆ ಗೊತ್ತಾಗುವ ಒಂದು ಅಟ್ಯಾಕ್‌ಗೆ ಒಳಗೆ ಸದ್ದಿಲ್ಲದೆ 5ರಿಂದ 10 ಹೊಸ ಚುಕ್ಕೆಗಳು ಬಂದಿರಬಹುದು. ಆರಾಮ ಇದ್ದಾಗಲೂ ಸ್ಕ್ಯಾನ್ ಮಾಡಿಸಿ ಅನ್ನುವುದು ಇದಕ್ಕೇ.

ಮೇ ತಿಂಗಳ ಸೆಕೆಗೆ ಕಣ್ಣು ಮತ್ತೆ ಮಂಜಾಗುತ್ತದೆ. ಹೊಸ ಚುಕ್ಕೆಯಾ?

ಹೆಚ್ಚಾಗಿ ಅಲ್ಲ. ಮೈ ಬಿಸಿಯಾದಾಗ ಹಳೆ ಪೆಟ್ಟಿನ ಜಾಗದಲ್ಲಿ ಸಂದೇಶ ಇನ್ನೂ ನಿಧಾನವಾಗುತ್ತದೆ. ಊಟ್‌ಹಾಫ್ ಅನ್ನುವ ಜರ್ಮನ್ ಕಣ್ಣಿನ ವೈದ್ಯರು 1890ರಲ್ಲಿ ಇದನ್ನು ಬರೆದಿಟ್ಟರು. ನಮ್ಮ ಕರಾವಳಿಯ ಬೆವರು ಸೆಕೆಯಲ್ಲಿ ಇದು ತುಂಬ ಸತಾಯಿಸುತ್ತದೆ. ತಣ್ಣೀರಲ್ಲಿ ಮಿಂದು ಫ್ಯಾನ್ ಕೆಳಗೆ ಕೂತರೆ ಇಳಿಯುತ್ತದೆ. ಜ್ವರ, ಮೂತ್ರದ ಸೋಂಕು ಬಂದಾಗಲೂ ಹೀಗಾಗುವುದುಂಟು. ಆದರೆ ತೊಂದರೆ 24 ಗಂಟೆ ದಾಟಿಯೂ ಇದ್ದರೆ, ಜ್ವರವೂ ಇಲ್ಲದಿದ್ದರೆ, ಡಾಕ್ಟರಿಗೆ ಫೋನ್ ಮಾಡಿ.

ತಲೆನೋವಿಗೆ ಸ್ಕ್ಯಾನ್ ಮಾಡಿಸಿದ್ದು. ಎಂಎಸ್ ತರಹದ ಚುಕ್ಕೆ ಇದೆ ಅಂತಾರೆ. ಬೇರೆ ತೊಂದರೆ ಇಲ್ಲ.

ಚುಕ್ಕೆಗಳು ನಿಜವಾಗಿ ಎಂಎಸ್ ಆಕಾರದಲ್ಲೇ, ಎಂಎಸ್ ಜಾಗದಲ್ಲೇ ಇದ್ದರೆ ಅದಕ್ಕೆ ಆರ್‌ಐಎಸ್ ಅನ್ನುತ್ತಾರೆ. 2009ರಲ್ಲಿ ಕೊಟ್ಟ ಹೆಸರು. ಇಂಥವರಲ್ಲಿ ಸುಮಾರು ಅರ್ಧದಷ್ಟು ಜನರಿಗೆ 10 ವರ್ಷದ ಒಳಗೆ ತೊಂದರೆ ಕಾಣಿಸುತ್ತದೆ. ಉಳಿದರ್ಧ ಜನರಿಗೆ ಇಲ್ಲ. ವಯಸ್ಸು ಕಡಿಮೆ ಇದ್ದರೆ, ಬೆನ್ನುಹುರಿಯಲ್ಲೂ ಚುಕ್ಕೆ ಇದ್ದರೆ ಜಾಗ್ರತೆ ಜಾಸ್ತಿ ಬೇಕು. ಇದಕ್ಕೆ ಎಂಎಸ್ ನುರಿತ ನರರೋಗ ತಜ್ಞರ ಅಭಿಪ್ರಾಯವೇ ಬೇಕು.

ಎಷ್ಟು ಸಮಯಕ್ಕೊಮ್ಮೆ ಸ್ಕ್ಯಾನ್?

ಔಷಧ ಶುರುವಾದ 3ರಿಂದ 6 ತಿಂಗಳಲ್ಲಿ ಒಂದು, ಆಮೇಲೆ ಸಾಮಾನ್ಯವಾಗಿ ವರ್ಷಕ್ಕೊಮ್ಮೆ. ನಟಾಲಿಜುಮ್ಯಾಬ್ ಅನ್ನುವ ಎಂಎಸ್ ಔಷಧ ತೆಗೆದುಕೊಳ್ಳುವವರಲ್ಲಿ ಮಿದುಳಿನ ಸೋಂಕಿನ ಅಪಾಯ ಜಾಸ್ತಿ ಇದ್ದರೆ ಇನ್ನೂ ಬೇಗ ಬೇಗ.

ಆದಷ್ಟು ಒಂದೇ ಕಡೆ, ಒಂದೇ ಯಂತ್ರದಲ್ಲಿ ಮಾಡಿಸಿ. ಒಮ್ಮೆ ಮಣಿಪಾಲ, ಒಮ್ಮೆ ಮಂಗಳೂರು, ರಿಯಾಯಿತಿ ಇದೆ ಅಂತ ಮತ್ತೊಮ್ಮೆ ಇನ್ನೆಲ್ಲೋ ಮಾಡಿಸಿದರೆ ಪದರಗಳು ಹೊಂದುವುದಿಲ್ಲ. ಹೊಸ ಚುಕ್ಕೆಯಾ, ಹಳೆಯದೇ ಬೇರೆ ಕೋನದಲ್ಲಿ ಕಾಣುತ್ತಿದೆಯಾ ಅಂತ ಹೇಳುವುದು ಕಷ್ಟವಾಗುತ್ತದೆ. ಸಿಡಿಯನ್ನು ಜೋಪಾನವಾಗಿ ಇಡಿ. ಮಳೆಗಾಲದಲ್ಲಿ ನಮ್ಮ ಕಡೆ ಕಪಾಟಿನೊಳಗೂ ಬೂಸ್ಟು ಹಿಡಿಯುತ್ತದೆ. ಪೆನ್‌ಡ್ರೈವ್‌ಗೆ ಹಾಕಿ ಇನ್ನೊಂದು ಪ್ರತಿ ಇಟ್ಟುಕೊಳ್ಳಿ. ಫಿಲ್ಮ್‌ನ ಫೋಟೊ ತೆಗೆದು ವಾಟ್ಸಾಪ್ ಮಾಡಿದರೆ 3 ಮಿಲಿಮೀಟರ್ ಚುಕ್ಕೆ ಯಾರಿಗೂ ಕಾಣುವುದಿಲ್ಲ.

ಸ್ಕ್ಯಾನ್ ದಿನ ಎಂತ ತಯಾರಿ ಬೇಕು?

ಕರಿಮಣಿ, ಬಳೆ, ಕಾಲುಂಗುರ, ಹೇರ್‌ಪಿನ್ ಮನೆಯಲ್ಲೇ ತೆಗೆದಿಟ್ಟು ಬನ್ನಿ. ಕರಿಮಣಿ ತೆಗೆಯಲು ಬೇಸರ ಮಾಡುವ ಅಮ್ಮಂದಿರಿಗೆ ನಾನು ಹೇಳುವುದು, ಅದನ್ನು ಹೊರಗೆ ಗಂಡನ ಕೈಯಲ್ಲೋ ಮಗಳ ಕೈಯಲ್ಲೋ ಕೊಟ್ಟು ಬನ್ನಿ ಅಂತ. ಪೇಸ್‌ಮೇಕರ್, ಕಿವಿಯೊಳಗಿನ ಇಂಪ್ಲಾಂಟ್, ಹಳೆ ಆಪರೇಷನ್‌ನ ಕ್ಲಿಪ್ ಇದ್ದರೆ ಮೊದಲೇ ಹೇಳಲೇಬೇಕು. ಒಳಗೆ ಅರ್ಧ ಮುಕ್ಕಾಲು ಗಂಟೆ ಅಲುಗದೆ ಮಲಗಬೇಕು. ಸದ್ದು ಜೋರು, ಕಿವಿಗೆ ಹತ್ತಿ ಅಥವಾ ಹೆಡ್‌ಫೋನ್ ಕೊಡುತ್ತಾರೆ. ಕೈಗೆ ಒಂದು ರಬ್ಬರ್ ಬುಗ್ಗೆ ಕೊಡುತ್ತಾರೆ, ಹೆದರಿಕೆಯಾದರೆ ಒತ್ತಿ.

ಬಸುರಿಯರಿಗೆ ಸ್ಕ್ಯಾನ್ ಮಾಡಬಹುದಾ?

ನಿಜವಾಗಿ ಬೇಕಿದ್ದರೆ ಕಾಂಟ್ರಾಸ್ಟ್ ಇಲ್ಲದೆ ಮಾಡಬಹುದು. ಎಂಎಸ್ ಇದೆ ಅಂತ ಮದುವೆ, ಮಕ್ಕಳು ಬೇಡ ಅನ್ನುವ ಮಾತು ನಮ್ಮ ಮನೆಗಳಲ್ಲಿ ಈಗಲೂ ಕೇಳುತ್ತದೆ. ಅದು ಸರಿಯಲ್ಲ. ಔಷಧ ಯಾವಾಗ ನಿಲ್ಲಿಸಬೇಕು, ಬದಲಿಸಬೇಕು ಅಂತ ಮಾತ್ರ ಬಸುರಿಯಾಗುವ ಮೊದಲೇ ಡಾಕ್ಟರ ಹತ್ತಿರ ಮಾತಾಡಿ.

ಎಂಆರ್‌ಐ ತೋರಿಸಿದರೆ ಅಂಗವಿಕಲರ ಕಾರ್ಡ್ ಸಿಗುತ್ತದಾ?

2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯ 21 ವಿಧಗಳ ಪಟ್ಟಿಯಲ್ಲಿ ಎಂಎಸ್ ಇದೆ. ಯುಡಿಐಡಿ ಅನ್ನುವ ಈ ಕಾರ್ಡ್‌ಗೆ ಆನ್‌ಲೈನ್‌ನಲ್ಲಿ ಅರ್ಜಿ ಹಾಕಿ, ಹೇಳಿದ ದಿನ ಸರ್ಕಾರಿ ಆಸ್ಪತ್ರೆಯ ವೈದ್ಯಕೀಯ ಮಂಡಳಿಯ ಮುಂದೆ ಹೋಗಬೇಕು. ಜಿಲ್ಲಾ ಆಸ್ಪತ್ರೆ ಅಂದರೆ ಮಂಗಳೂರಿನವರಿಗೆ ವೆನ್‌ಲಾಕ್, ಉಡುಪಿಯವರಿಗೆ ಅಜ್ಜರಕಾಡು. ಎಂಆರ್‌ಐ ಮತ್ತು ನರರೋಗ ತಜ್ಞರ ಪತ್ರ ಕಾಯಿಲೆಗೆ ಆಧಾರ. ಶೇಕಡಾವಾರು ನಿರ್ಧಾರವಾಗುವುದು ಮಾತ್ರ ನಿಮ್ಮ ಕೈಕಾಲು, ಕಣ್ಣು, ನಡಿಗೆ ನೋಡಿ. ಹೆಚ್ಚಿನ ಸೌಲಭ್ಯಗಳಿಗೆ 40 ಶೇಕಡಾ ಬೇಕು. ಹಾಗಾಗಿ ಆ ದಿನ ನೀವು ಆರಾಮ ಕಂಡರೂ, ಮೆಟ್ಟಿಲು ಹತ್ತುವಾಗ, ಬಸ್ ಹತ್ತುವಾಗ, ಸಂಜೆ ಹೊತ್ತಿಗೆ ಆಗುವ ಕಷ್ಟಗಳನ್ನು ಬಿಡಿಸಿ ಹೇಳಿ. ಜೊತೆಗೆ ಮನೆಯವರೊಬ್ಬರನ್ನು ಕರೆದುಕೊಂಡು ಹೋಗಿ.